ಹಿಂದಿನದನ್ನು ಕೇಳುವಂತಿಲ್ಲ

ರಾತ್ರಿ ಹತ್ತೂವರೆ ದಾಟಿದೆ. ದೇಸಾಯಿಗಂಜ್ ಪೊಲೀಸ್ ಠಾಣೆಯ ಮುಂದೆ ನಿಂತಿದ್ದೀರಿ. 1972ರ ಮಾರ್ಚ್ 26. ಊರು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಗೆ ಸೇರಿದ್ದು. ಗಡಚಿರೋಲಿ ಬೇರೆ ಜಿಲ್ಲೆಯಾಗಲು ಇನ್ನೂ ಹತ್ತು ವರ್ಷ ಬೇಕು. ಹೇಳಿಕೆ ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ಮನೆಗೆ ಹೊರಟಾಯಿತು. ಹೋಗುವ ಮುಂಚೆ ಹುಡುಗಿಯ ಅಣ್ಣನಿಗೆ ಒಂದು ಮಾತು ಹೇಳಿದ: ಇವಳು ಹುಟ್ಟಿದ ದಿನದ ದಾಖಲೆಯ ನಕಲು ತಂದುಕೊಡು. ಆ ಕಾಗದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೂರು ಕೊಟ್ಟವನು ಅಣ್ಣನೇ. ತಂಗಿಯನ್ನು ಹಾರಿಸಿಕೊಂಡು ಹೋಗಿದ್ದಾರೆ ಎಂಬುದು ಅವನ ದೂರು. ಕೂಲಿ ಮಾಡಿ ಬದುಕುವ ಆದಿವಾಸಿ ಮನೆ, ತಂದೆತಾಯಿ ಇಲ್ಲ. ಹುಡುಗಿ ಕೆಲಸಕ್ಕೆ ಹೋಗುತ್ತಿದ್ದ ಮನೆಯ ನಂಟನೊಬ್ಬನನ್ನು ಮೆಚ್ಚಿದ್ದಾಳೆ, ಮದುವೆಯಾಗಬೇಕೆಂದು ಇಬ್ಬರೂ ಅಂದುಕೊಂಡಿದ್ದಾರೆ. ಅಷ್ಟೇ ಅವಳ 'ಚರಿತ್ರೆ'. ಅವಳ ಹೆಸರು ಕಾನೂನು ಓದಿದ ಎಲ್ಲರಿಗೂ ಗೊತ್ತು, ನಾನು ಬರೆಯುವುದಿಲ್ಲ. ಸಂತ್ರಸ್ತೆಯ ಗುರುತು ಬಯಲು ಮಾಡಬಾರದು ಎಂಬ ಕಾನೂನು ಬಂದದ್ದೇ ಅವಳ ಪ್ರಕರಣ ಎಬ್ಬಿಸಿದ ಗದ್ದಲದಿಂದ. ಅದರ ನೆರಳು ಅವಳಿಗೆ ಮಾತ್ರ ಸಿಗಲಿಲ್ಲ.

ಎಲ್ಲರೂ ಹೊರಡುತ್ತಿದ್ದಾರೆ. ಠಾಣೆಯಲ್ಲಿ ಉಳಿದ ಇಬ್ಬರು ಪೊಲೀಸರು ಅವಳನ್ನು ನಿಲ್ಲಲು ಹೇಳುತ್ತಾರೆ. ಮಿಕ್ಕವರು ಹೊರಗೆ. ಅಣ್ಣ, ಆ ಹುಡುಗ, ಕೆಲಸದ ಮನೆಯಾಕೆ ಬೀದಿಯಲ್ಲಿ ಕಾಯುತ್ತಾರೆ. ನೀವೂ ಕಾಯುತ್ತೀರಿ. ಸ್ವಲ್ಪ ಹೊತ್ತಿಗೆ ಒಳಗಿನ ದೀಪ ಆರಿರುವುದು ಕಾಣುತ್ತದೆ, ಬಾಗಿಲಿಗೆ ಒಳಗಿನಿಂದ ಚಿಲಕ. ಕೂಗುತ್ತಾರೆ. ಜನ ಸೇರುತ್ತಾರೆ. ಅವಳು ಹೊರಟುಹೋದಳು ಎನ್ನುತ್ತಾನೆ ಒಬ್ಬ ಪೊಲೀಸ. ಆಮೇಲೆ ಅವಳು ಹೊರಗೆ ಬರುತ್ತಾಳೆ. ಬಂದವಳೇ ಅಣ್ಣನಿಗೂ ಸೇರಿದ ಜನಕ್ಕೂ ಏನಾಯಿತೆಂದು ಹೇಳುತ್ತಾಳೆ. ಮರುದಿನಕ್ಕೆ ಕಾಯಲಿಲ್ಲ, ಯಾರನ್ನೋ ಕೇಳಿಕೊಂಡು ಹೇಳಲಿಲ್ಲ. ಠಾಣೆಯ ಬಾಗಿಲಲ್ಲೇ ಹೇಳಿದಳು.

ಮರುದಿನ ರಾತ್ರಿ ಎಂಟಕ್ಕೆ ವೈದ್ಯಕೀಯ ಪರೀಕ್ಷೆ. ವರದಿಯ ಹಾಳೆ ನಿಮ್ಮ ಕೈಗೆ ಬಂತೆಂದುಕೊಳ್ಳಿ. ವಯಸ್ಸು 14ರಿಂದ 16ರ ಒಳಗೆ. ಮೈಮೇಲೆ ಗಾಯದ ಗುರುತಿಲ್ಲ. ನಂತರ, ಪರೀಕ್ಷಿಸುವವರ ಎರಡು ಬೆರಳಿನ ಅಳತೆಯಲ್ಲಿ ಬರೆದ ಒಂದು ಸಾಲು: ಈ ದೇಹಕ್ಕೆ ಇದು ಮೊದಲ ಅನುಭವವಲ್ಲ ಎಂಬ ತಾತ್ಪರ್ಯದ್ದು. ಹಿಂದಿನ ರಾತ್ರಿ ಆ ಠಾಣೆಯಲ್ಲಿ ಏನಾಯಿತು ಎಂಬ ಪ್ರಶ್ನೆಗೆ ಆ ಸಾಲಿನಲ್ಲಿ ಉತ್ತರವೇನೂ ಇಲ್ಲ. ಆದರೆ ಹಾಳೆ ಕೋರ್ಟಿಗೆ ಹೋದಾಗ ಮಿಕ್ಕ ಸಾಲುಗಳೆಲ್ಲ ಹಿಂದೆ ಸರಿದು ಅದೊಂದೇ ಮುಂದೆ ಬಂತು.

1974ರ ಜೂನ್ 1. ಸೆಷನ್ಸ್ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೀರಿ, ತೀರ್ಪು ಓದುತ್ತಿದ್ದಾರೆ. ಹುಟ್ಟಿದ ದಿನದ ಆ ಕಾಗದ ನೆನಪಿದೆಯೇ? ಹುಡುಗಿ 16 ತುಂಬದವಳು ಎನ್ನಲು ಸಮಾಧಾನಕರ ಪುರಾವೆ ಇಲ್ಲ. ಆಗಿನ ಕಾನೂನಿನಲ್ಲಿ 16ರ ಒಳಗಿನವಳ ಒಪ್ಪಿಗೆಗೆ ಬೆಲೆಯೇ ಇರಲಿಲ್ಲ. ವಯಸ್ಸು ಸಾಬೀತಾಗಿದ್ದರೆ ಮುಂದಿನ ಮಾತಿಗೆ ಅವಕಾಶವೂ ಇರುತ್ತಿರಲಿಲ್ಲ. ಸಾಬೀತಾಗಲಿಲ್ಲ, ಆದ್ದರಿಂದ ಮುಂದಿನ ಮಾತು ಬಂತು. ಇವಳು ಲೈಂಗಿಕ ಸಂಪರ್ಕ ರೂಢಿಯಾದವಳು. ದಿಗಿಲು ಹುಟ್ಟಿಸುವಷ್ಟು ಸುಳ್ಳುಗಾತಿ. ಹೊರಗೆ ತನ್ನ ಹುಡುಗನೂ ಜನವೂ ನಿಂತಿದ್ದರಿಂದ ಒಳ್ಳೆಯವಳೆನಿಸಿಕೊಳ್ಳಲು ಬಲಾತ್ಕಾರದ ಕಥೆ ಹೇಳಿದ್ದಾಳೆ. ಸಂಪರ್ಕ ನಡೆದಿರಬಹುದು, ಆದರೆ ಸಂಪರ್ಕಕ್ಕೂ ಅತ್ಯಾಚಾರಕ್ಕೂ ಅಜಗಜಾಂತರ. ಇಬ್ಬರೂ ಖುಲಾಸೆ.

ಈ ತರ್ಕ ನಡೆದುಬಂದ ದಾರಿ ನೋಡಿ. ಅವಳಿಗೊಬ್ಬ ಪ್ರಿಯಕರನಿದ್ದ. ಹಾಗಾಗಿ ಅವಳಿಗೆ ಹಿಂದಿನ ಅನುಭವವಿತ್ತು. ಹಾಗಾಗಿ ಸಮವಸ್ತ್ರದ ಗಂಡಸಿನ ಜೊತೆ, ಠಾಣೆಯೊಳಗೆ, ಅಣ್ಣ ಹೊರಗೆ ಕಾಯುತ್ತಿರುವಾಗ, ಅವಳು ಒಪ್ಪಿರಬೇಕು. ಒಬ್ಬನಿಗೆ ಹೂಂ ಅಂದವಳು ಎಲ್ಲರಿಗೂ ಅಂದ ಹಾಗೆ.

ಆ ನ್ಯಾಯಾಧೀಶರು ಇದನ್ನು ತಮ್ಮ ತಲೆಯಿಂದ ಹುಟ್ಟಿಸಿದ್ದಲ್ಲ. ಮೇಜಿನ ಮೇಲಿನ ಸಾಕ್ಷ್ಯ ಅಧಿನಿಯಮ ತೆಗೆದು 155ನೇ ಕಲಂ ನೋಡಿ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಬರೆದ 1872ರ ಕಾಯ್ದೆ. ಸಾಕ್ಷಿಯ ಮಾತಿನ ವಿಶ್ವಾಸಾರ್ಹತೆಯನ್ನು ಹೇಗೆ ಪ್ರಶ್ನಿಸಬಹುದು ಎಂದು ಹೇಳುವ ಕಲಂ ಅದು. ನಾಲ್ಕನೆಯ ಉಪಕಲಂ: ಅತ್ಯಾಚಾರದ ಆರೋಪವಿದ್ದಾಗ, ದೂರು ಕೊಟ್ಟವಳು ಸಾಮಾನ್ಯವಾಗಿ ಅನೈತಿಕ ನಡತೆಯವಳೆಂದು ತೋರಿಸಬಹುದು. ಕಳವಾದ ಮನೆಯ ಯಜಮಾನ ಎಂಥವನು ಎಂದು ಯಾವ ಉಪಕಲಮೂ ಕೇಳುವುದಿಲ್ಲ. ಅದೇ ಪುಸ್ತಕದಲ್ಲಿ ಒಂದೆರಡು ಪುಟ ಹಿಂದಕ್ಕೆ ತಿರುವಿದರೆ 151 ಮತ್ತು 152ನೇ ಕಲಂಗಳಿವೆ. ಅಶ್ಲೀಲ ಪ್ರಶ್ನೆಯನ್ನು ನ್ಯಾಯಾಧೀಶರು ತಡೆಯಬಹುದು, ಅವಮಾನಿಸಲೆಂದೇ ಕೇಳಿದ ಪ್ರಶ್ನೆಯನ್ನು ತಡೆಯಲೇಬೇಕು ಎನ್ನುತ್ತವೆ ಅವು. ತಡೆಯುವ ಅಧಿಕಾರವೂ 1872ರದ್ದೇ. ಇವತ್ತಿನ ನಮ್ಮ ಚರ್ಚೆಗಳಲ್ಲಿ ಇದನ್ನು ಮರೆತುಬಿಡುತ್ತೇವೆ.

ನಾಗಪುರಕ್ಕೆ ಬನ್ನಿ. 1976ರ ಅಕ್ಟೋಬರ್ 12. ಬಾಂಬೆ ಹೈಕೋರ್ಟಿನ ಪೀಠ ಖುಲಾಸೆಯನ್ನು ತಳ್ಳಿಹಾಕುತ್ತದೆ. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಎನ್ನುತ್ತದೆ. ಒಬ್ಬನಿಗೆ ಐದು ವರ್ಷ, ಇನ್ನೊಬ್ಬನಿಗೆ ಒಂದು ವರ್ಷ ಶಿಕ್ಷೆ. ಎರಡು ವರ್ಷ ಕಳೆದು ದೆಹಲಿ, 1978ರ ಸೆಪ್ಟೆಂಬರ್ 15. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ. ತೀರ್ಪು ಬರೆದವರು ನ್ಯಾಯಮೂರ್ತಿ ಕೋಶಲ್. ಗಾಯವಿಲ್ಲ, ಹಾಗಾಗಿ ಪ್ರತಿರೋಧವಿಲ್ಲ. ಪ್ರತಿರೋಧವಿಲ್ಲ, ಹಾಗಾಗಿ ನಡೆದದ್ದು ಶಾಂತವಾಗಿ ನಡೆದ ಸಂಗತಿ. ಮತ್ತೆ ಖುಲಾಸೆ. ಕೋರ್ಟಿನಿಂದ ಹೊರಗೆ ಬಂದರೆ ಪತ್ರಿಕೆಯವರ ಗುಂಪಿಲ್ಲ, ಘೋಷಣೆಯಿಲ್ಲ. ವರ್ಷದವರೆಗೆ ದೇಶ ಇದನ್ನು ಗಮನಿಸಲೇ ಇಲ್ಲ.

ಗಮನಿಸಿದ್ದು ನಾಲ್ವರು ಕಾನೂನು ಮೇಷ್ಟರು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್‌ವಾರ್. 1979ರ ಸೆಪ್ಟೆಂಬರ್ 16ರ ತಾರೀಕು ಹಾಕಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹದಿಹರೆಯದ ಬಡ ಹುಡುಗಿ ಪೊಲೀಸರ ನಡುವೆ ಒಂಟಿಯಾಗಿ ಸಿಕ್ಕಾಗ ಕೂಗಲೇಬೇಕು, ಪರಚಲೇಬೇಕು ಎಂದು ನಿರೀಕ್ಷಿಸುವವರು ಯಾವ ಲೋಕದಲ್ಲಿದ್ದಾರೆ ಎಂಬುದು ಅವರ ಪ್ರಶ್ನೆಯ ಸಾರ. ಮದುವೆಗೆ ಮುಂಚಿನ ಸಂಬಂಧದ ಬಗ್ಗೆ ನಮಗಿರುವ ಮಡಿವಂತಿಕೆ ಪೊಲೀಸರಿಗೆ ಪರವಾನಗಿಯೇ ಎಂದೂ ಕೇಳಿದರು. 1980ರ ಮಾರ್ಚ್ 8ಕ್ಕೆ ಹಲವು ನಗರಗಳ ಬೀದಿಯಲ್ಲಿ ಹೆಂಗಸರು. ತೀರ್ಪು ಬದಲಾಗಲಿಲ್ಲ. ಕಾನೂನು ಬದಲಾಯಿತು, 1983ರಲ್ಲಿ. ಪೊಲೀಸ್ ವಶದಲ್ಲಿದ್ದವಳು ಒಪ್ಪಿರಲಿಲ್ಲ ಎಂದು ಹೇಳಿದರೆ ಕೋರ್ಟು ಹಾಗೆಂದೇ ಭಾವಿಸಬೇಕು ಎಂಬ ನಿಯಮ ಬಂತು. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕೆಂದಾಯಿತು.

155ರ ನಾಲ್ಕನೇ ಉಪಕಲಂ ಮಾತ್ರ ಅಲ್ಲಾಡಲಿಲ್ಲ. ಇಡೀ ಗಲಾಟೆ ಯಾವುದರಿಂದ ಹುಟ್ಟಿತ್ತೋ ಅದನ್ನೇ ಬಿಟ್ಟು ಸುತ್ತಮುತ್ತ ರಿಪೇರಿ ಮಾಡಿದ್ದರು. ಇನ್ನೂ ಇಪ್ಪತ್ತು ವರ್ಷ ಕೋರ್ಟುಗಳಲ್ಲಿ ವಕೀಲರು ಆ ಕಲಮನ್ನು ಓದಿ ಪ್ರಶ್ನೆ ಕೇಳುತ್ತಲೇ ಇದ್ದರು. 1996ರಲ್ಲಿ ಪಂಜಾಬಿನ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗದರಿತು: ಹೆಣ್ಣಿನ ಹಿಂದಿನ ನಡತೆ ಹೇಗೇ ಇರಲಿ, ಬೇಡ ಎನ್ನುವ ಹಕ್ಕು ಅವಳಿಗಿದೆ, ಪಾಟೀಸವಾಲು ಅವಳನ್ನು ಹಿಂಸಿಸುವಾಗ ನ್ಯಾಯಾಧೀಶರು ಮೂಕಪ್ರೇಕ್ಷಕರಾಗಿ ಕೂರಬಾರದು. ಕೊನೆಗೆ 2002ರ ಡಿಸೆಂಬರ್ 31ಕ್ಕೆ ಆ ಉಪಕಲಂ ಕಾಯ್ದೆಯಿಂದ ಹೊರಬಿತ್ತು. 1872ರಿಂದ ಲೆಕ್ಕ ಹಾಕಿ, 130 ವರ್ಷ.

ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ, ಕಾನೂನಿನ ತಿದ್ದುಪಡಿ ಸೂಚಿಸಲು ನೇಮಿಸಿದ್ದ ವರ್ಮಾ ಸಮಿತಿ ವರದಿ ಕೊಟ್ಟ 2013ರಲ್ಲಿ, ಇನ್ನೊಂದು ಹೆಜ್ಜೆ. 53ಎ ಎಂಬ ಹೊಸ ಕಲಂ: ಒಪ್ಪಿಗೆ ಇತ್ತೇ ಇಲ್ಲವೇ ಎಂಬ ಪ್ರಶ್ನೆಗೆ ಸಂತ್ರಸ್ತೆಯ ನಡತೆಯಾಗಲಿ, ಯಾರ ಜೊತೆಗಾದರೂ ಇದ್ದ ಹಿಂದಿನ ಲೈಂಗಿಕ ಅನುಭವವಾಗಲಿ ಪ್ರಸ್ತುತವೇ ಅಲ್ಲ. ಯಾರ ಜೊತೆಗಾದರೂ ಎಂದರೆ ಆರೋಪಿಯ ಜೊತೆಗಿನದೂ ಸೇರಿತು. ಪಾಟೀಸವಾಲಿನಲ್ಲೂ ಕೇಳುವಂತಿಲ್ಲ. ಅದೇ ವರ್ಷ ಎರಡು ಬೆರಳಿನ ಪರೀಕ್ಷೆ ಖಾಸಗಿತನದ ಉಲ್ಲಂಘನೆ ಎಂದಿತು ಸುಪ್ರೀಂ ಕೋರ್ಟ್. ಹಾಗಿದ್ದೂ ನಿಲ್ಲದ್ದರಿಂದ, ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಮತ್ತೆ ಹೇಳಬೇಕಾಯಿತು. 2024ರ ಜುಲೈ 1ರಿಂದ ಹಳೆಯ ಕಾಯ್ದೆಯೇ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. 53ಎ ಈಗ 48ನೇ ಕಲಂ.

ಇಷ್ಟಾದ ಮೇಲೆ ಕಥೆ ಮುಗಿಯಬೇಕಿತ್ತು. 2016ರ ಅಕ್ಟೋಬರಿಗೆ ಬನ್ನಿ, ಮತ್ತೆ ಸುಪ್ರೀಂ ಕೋರ್ಟ್. ಪ್ರಕರಣ ಬೆಂಗಳೂರಿನದು. ರಾತ್ರಿ ಬಸ್ಸಿಗೆ ಕಾಯುತ್ತಿದ್ದ, ಗಂಡನಿಂದ ದೂರವಿದ್ದ, ದುಡಿದು ತಿನ್ನುವ ಹೆಂಗಸು. ಆಟೊದಲ್ಲಿ ಕರೆದೊಯ್ದು ಹಲವರು ಅತ್ಯಾಚಾರ ಮಾಡಿದರೆಂದು ದೂರು. ಕೆಳಗಿನ ಕೋರ್ಟು ಖುಲಾಸೆ ಮಾಡಿತ್ತು, ಕರ್ನಾಟಕ ಹೈಕೋರ್ಟ್ ಶಿಕ್ಷೆ ಕೊಟ್ಟಿತ್ತು, ಈಗ ಸುಪ್ರೀಂ ಕೋರ್ಟ್ ಖುಲಾಸೆಯನ್ನೇ ಎತ್ತಿಹಿಡಿಯುತ್ತಿದೆ. ದೇಸಾಯಿಗಂಜಿನ ಹುಡುಗಿ ನಡೆದ ಅದೇ ಮೂರು ಮೆಟ್ಟಿಲು. ಸಾಕ್ಷ್ಯದಲ್ಲಿ ಬೇರೆ ಲೋಪಗಳನ್ನೂ ಪೀಠ ಕಂಡಿತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ತೀರ್ಪಿನೊಳಗೆ ಬೆರಳಿಟ್ಟು ಓದಿಕೊಂಡು ಹೋಗಿ. ಘಟನೆಯ ವೇಳೆ ಅವಳು ನಡೆದುಕೊಂಡ ರೀತಿ ಬಲಾತ್ಕಾರಕ್ಕೊಳಗಾದವಳಂತಿಲ್ಲ ಎನ್ನುತ್ತದೆ. ಒಂದೂವರೆ ವರ್ಷದಿಂದ ಗಂಡನಿಂದ ಬೇರೆಯಿದ್ದವಳು ಲೈಂಗಿಕ ಸಂಪರ್ಕ ರೂಢಿಯಾದವಳೆಂದು ವೈದ್ಯರು ಹೇಳಿರುವುದಕ್ಕೂ ಅದರದೇ ಅರ್ಥವಿದೆ ಎನ್ನುತ್ತದೆ. ರೂಢಿಯಾದವಳು. 1974ರ ಅದೇ ಮಾತು. 53ಎ ಪುಸ್ತಕಕ್ಕೆ ಬಂದು ಮೂರು ವರ್ಷವಾಗಿತ್ತು.

ನಾಲ್ಕು ವರ್ಷ ಮುಂದೆ, 2020ರ ಜೂನ್. ಈ ಸಲ ನೀವು ಎಲ್ಲಿಗೂ ಹೋಗಬೇಕಿಲ್ಲ. ಕೋವಿಡ್ ದಿನಗಳು, ಮೊಬೈಲಿನಲ್ಲೇ ಸುದ್ದಿ ಬರುತ್ತದೆ. ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಒಬ್ಬ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಟ್ಟಿದೆ. ಆದೇಶದಲ್ಲಿ ಒಂದು ಸಾಲು: ಘಟನೆಯ ನಂತರ ಸುಸ್ತಾಗಿ ನಿದ್ದೆ ಹೋದೆ ಎನ್ನುವುದು ಭಾರತೀಯ ನಾರಿಗೆ ತಕ್ಕುದಲ್ಲ, ನಮ್ಮ ಹೆಂಗಸರು ಹಾಗೆ ವರ್ತಿಸುವುದಿಲ್ಲ. ದೇಶದ ತುಂಬ ಆಕ್ಷೇಪ ಎದ್ದು ಕೆಲವು ದಿನಗಳಲ್ಲಿ ಆ ಸಾಲನ್ನು ತೆಗೆದುಹಾಕಲಾಯಿತು. ಆ ಸಾಲಿನಲ್ಲಿ ಅವಳ ಹಿಂದಿನ ಸಂಬಂಧದ ಮಾತಿರಲಿಲ್ಲ. ಆದರೂ ಅಳತೆಗೋಲು ಅದೇ: ಮೊದಲು 'ಒಳ್ಳೆಯ ಹೆಣ್ಣು' ಹೇಗಿರುತ್ತಾಳೆಂದು ತೀರ್ಮಾನಿಸಿ, ನಂತರ ಎದುರಿಗಿರುವವಳನ್ನು ಅದಕ್ಕೆ ಹಿಡಿದು ನೋಡುವುದು.

ಈಗ ಇವತ್ತಿನ ಕೋರ್ಟಿಗೆ ಹೋಗೋಣ. ಊರಿನ ಹೆಸರು ಬೇಡ, ಇದು ಒಂದು ಪ್ರಕರಣದ ಕಥೆಯೂ ಅಲ್ಲ. ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ನಡೆಯುವುದನ್ನೆಲ್ಲ ಒಂದೇ ಕೋಣೆಗೆ ತಂದಿಟ್ಟಿದ್ದೇನೆ. ಬೆಳಿಗ್ಗೆ ಹನ್ನೊಂದು ಗಂಟೆ. ದಲಾಯತ ಕೂಗುತ್ತಾನೆ. ನ್ಯಾಯಾಧೀಶರು ತಲೆಯೆತ್ತಿ ಇನ್-ಕ್ಯಾಮೆರಾ ಎನ್ನುತ್ತಾರೆ. ಬೇರೆ ಕೇಸಿಗೆ ಬಂದ ಕಕ್ಷಿದಾರರು, ಕಪ್ಪು ಕೋಟಿನ ಕಿರಿಯರು ಎದ್ದು ಹೊರಡುತ್ತಾರೆ. ನೀವೂ ಹೋಗಬೇಕು, ಆದರೆ ಈ ಒಂದು ಸಲ ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ನಿಲ್ಲಿ. ಆರೋಪಿ ಅವಳಿಗೆ ಕಾಣದಂತೆ ಪರದೆ ಕಟ್ಟಿದ್ದಾರೆ. 2004ರ ಸಾಕ್ಷಿ ಪ್ರಕರಣದ ತೀರ್ಪಿನ ಕೊಡುಗೆ ಅದು.

ಅವಳು ಪ್ರಾಸಿಕ್ಯೂಷನ್‌ನ ಒಂದನೇ ಸಾಕ್ಷಿ. ಮುಖ್ಯ ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಆರೋಪಿ ಪರ ವಕೀಲರು ಎದ್ದು ನಿಂತರು. ಹಿರಿಯರು, ದನಿ ಮೆತ್ತಗೆ.

"ಏನಮ್ಮಾ, ಪಿಯುಸಿ ಓದುವಾಗ ನಿಮಗೊಬ್ಬ ಸ್ನೇಹಿತ ಇದ್ದ, ಹೌದಲ್ವಾ?"

ಅವಳು ಸರ್ಕಾರಿ ವಕೀಲರ ಕಡೆ ನೋಡುತ್ತಾಳೆ. ಅವರು ಮುಂದಿನ ಕೇಸಿನ ಕಡತ ಹುಡುಕುತ್ತಿದ್ದಾರೆ.

"ಅವನ ಜೊತೆ ಊರೂರು ಸುತ್ತಿದ್ರಿ. ಮನೇಲಿ ಗೊತ್ತಾಗಿ ಜಗಳ ಆಗಿತ್ತು."

"ಇಲ್ಲ ಸರ್."

"ಲಾಡ್ಜಿಗೂ ಹೋಗಿದ್ರಿ."

"ಇಲ್ಲ."

ಬೆರಳಚ್ಚುಗಾರರ ಕಂಪ್ಯೂಟರಿನ ಪರದೆಯನ್ನು ಅವರ ಭುಜದ ಮೇಲಿಂದ ಓದಿ. ನಮ್ಮ ಕೋರ್ಟುಗಳಲ್ಲಿ ಪ್ರಶ್ನೆಯನ್ನೇ ಬೇರೆಯಾಗಿ ಬರೆಯುವುದು ಕಡಿಮೆ. ಅದನ್ನು ಉತ್ತರದೊಳಗೆ ಸೇರಿಸಿಬಿಡುತ್ತಾರೆ. 'ನಾನು ಕಾಲೇಜಿನಲ್ಲಿದ್ದಾಗ ಒಬ್ಬ ಹುಡುಗನ ಜೊತೆ ಲಾಡ್ಜಿಗೆ ಹೋಗಿದ್ದೆ ಎಂದರೆ ಸರಿಯಲ್ಲ.' ಅವಳು ಹೇಳಿದ್ದು ಇಲ್ಲ ಎಂಬ ಒಂದೇ ಮಾತು. ಕಡತದಲ್ಲಿ ಮಾತ್ರ ಲಾಡ್ಜು ಬಂದು ಕುಳಿತಿತು, ಅವಳದೇ ಬಾಯಿಂದ ಬಂದ ಹಾಗೆ. ಮೇಲ್ಮನವಿಯಲ್ಲಿ, ಅವಳ ಮುಖವನ್ನೇ ನೋಡದವರು ಈ ಹಾಳೆ ಓದುತ್ತಾರೆ. ಅಲ್ಲಗಳೆದದ್ದೂ ಓದಿದವರ ತಲೆಯಲ್ಲಿ ಉಳಿಯುತ್ತದೆ.

ಮುಚ್ಚಿದ ಬಾಗಿಲಿನ ಇನ್ನೊಂದು ಮುಖ ಇದು. ಅವಳನ್ನು ಹೊರಗಿನ ಕಣ್ಣಿಂದ ಕಾಪಾಡುವ ಬಾಗಿಲು, ಒಳಗೆ ಯಾರು ಏನು ಕೇಳಿದರು, ಯಾರು ಸುಮ್ಮನೆ ಕೂತರು ಎಂಬುದನ್ನೂ ಮುಚ್ಚಿಡುತ್ತದೆ.

ವಕೀಲರ ಕೈಗೆ ಈಗ ಒಂದು ಕಟ್ಟು ಹಾಳೆ ಬಂತು. ವಾಟ್ಸ್‌ಆ್ಯಪ್ ಮಾತುಕತೆ, ಇನ್‌ಸ್ಟಾಗ್ರಾಂ ಫೋಟೊಗಳ ಪ್ರಿಂಟು. ಇದು ನೀವೇ ತಾನೇ? ಈ ಬಟ್ಟೆ ಹಾಕಿಕೊಂಡವರು? ಈ ಹುಡುಗ ಯಾರು? ಈ ಸಲ ಸರ್ಕಾರಿ ವಕೀಲರು ಎದ್ದರು.

"ಅಬ್ಜೆಕ್ಷನ್ ಮೇಡಂ. ಸೆಕ್ಷನ್ 48."

ಆರೋಪಿ ಪರದವರಿಗೆ ಉತ್ತರ ಸಿದ್ಧವಿದೆ. "ಕನ್ಸೆಂಟ್ ಬಗ್ಗೆ ನಾನು ಕೇಳ್ತಾನೇ ಇಲ್ಲ ಮೇಡಂ. ಸಾಕ್ಷಿ ನಂಬೋಕೆ ಯೋಗ್ಯರಾ ಅಂತ ಪರೀಕ್ಷೆ ಮಾಡ್ತಿದೀನಿ ಅಷ್ಟೆ."

ಇಲ್ಲಿ ಸ್ವಲ್ಪ ನಿಲ್ಲಬೇಕು, ಆ ವಕೀಲರ ಪಕ್ಕಕ್ಕೂ ಹೋಗಿ ನಿಂತು ನೋಡಬೇಕು. ಜೈಲಿಗೆ ಹೋಗುವ ಭಯದಲ್ಲಿರುವವನ ಪರ ಕೇಳುವುದು ಅವರ ಕರ್ತವ್ಯ. ದೂರುದಾರರು ಹೇಳಿದ್ದೆಲ್ಲ ನಿಜವಾಗಿರಲೇಬೇಕೆಂದಿಲ್ಲ, ಪಾಟೀಸವಾಲು ಇರುವುದೇ ಅದಕ್ಕೆ. ಮದುವೆಯಾಗುತ್ತೇನೆಂದು ನಂಬಿಸಿ ಮೋಸ ಮಾಡಿದ ಎಂಬ ಕೇಸುಗಳಲ್ಲಂತೂ ಇಬ್ಬರ ಹಿಂದಿನ ಸಂಬಂಧವೇ ಇಡೀ ಪ್ರಕರಣ. ಅದನ್ನು ಕೇಳದೆ ಯಾರೂ ತೀರ್ಪು ಕೊಡಲಾರರು. ಕೇಳಬಾರದ್ದಕ್ಕೂ ಕೇಳಲೇಬೇಕಾದದ್ದಕ್ಕೂ ನಡುವಿನ ಗೆರೆ ಎಲ್ಲ ಕಡೆಯೂ ನೇರವಾಗಿಲ್ಲ. ಆದರೆ ಈ ಕೋಣೆಯಲ್ಲಿ ಅದು ಅಷ್ಟೇನೂ ಕಷ್ಟದ್ದಲ್ಲ. ಪಿಯುಸಿಯ ಸ್ನೇಹಿತ ಈ ಕೇಸಿನಲ್ಲಿ ಎಲ್ಲೂ ಇಲ್ಲ. ಅವನನ್ನು ಕರೆತಂದ ಉದ್ದೇಶ ಒಂದೇ, 'ಇಂಥವಳು' ಎನಿಸುವುದು. ನಂಬಿಕೆಯ ಪರೀಕ್ಷೆ ಎಂದು ಹೆಸರು ಬದಲಿಸಿದ ಮಾತ್ರಕ್ಕೆ ಒಳಗಿನ ಸರಕು ಬದಲಾಗದು.

ಈಗ ಎಲ್ಲ ನಿಂತಿರುವುದು ಮೇಲೆ ಕುಳಿತವರ ಒಂದು ಮಾತಿನ ಮೇಲೆ. ಆ ಮಾತು ಬರದ ಕೋರ್ಟುಗಳೂ ಇವೆ: ಕೇಳಲಿ ಬಿಡಿ, ಆಮೇಲೆ ನೋಡೋಣ, ತಡೆದರೆ ಹೈಕೋರ್ಟಿನಲ್ಲಿ ಅದನ್ನೇ ದೊಡ್ಡದು ಮಾಡುತ್ತಾರೆ. ಈ ಕೋಣೆಯಲ್ಲಿ ಬಂತು.

"ಆ ಹುಡುಗನಿಗೂ ಈ ಘಟನೆಗೂ ಏನು ಸಂಬಂಧ, ಹೇಳಿ ವಕೀಲರೇ."

ಅವರು ಹಾಳೆ ತಿರುವಿದರು. ಹೇಳಲು ಏನೂ ಸಿಗಲಿಲ್ಲ.

"ಹಾಗಾದ್ರೆ ಆ ಪ್ರಶ್ನೆಗೆ ಅವಕಾಶ ಇಲ್ಲ. ಮೊದಲು ಟೈಪ್ ಮಾಡಿದ ಸಾಲುಗಳನ್ನೂ ತೆಗೀರಿ. ಅವತ್ತು ರಾತ್ರಿ ನಡೆದದ್ದರ ಬಗ್ಗೆ ಎಷ್ಟು ಬೇಕಾದ್ರೂ ಕೇಳಿ."

ಮುಂದಿನ ಮುಕ್ಕಾಲು ಗಂಟೆ ಅವರು ಕೇಳಿದರು. ಬಾಗಿಲಿಗೆ ಚಿಲಕ ಹಾಕಿದ್ದು ಯಾರು, ಫೋನ್ ಎಲ್ಲಿತ್ತು, ಪೊಲೀಸರಿಗೆ ಹೇಳಿದ್ದಕ್ಕೂ ಇಲ್ಲಿ ಹೇಳಿದ್ದಕ್ಕೂ ಏಕೆ ವ್ಯತ್ಯಾಸ. ಬಿಗಿಯಾದ ಪ್ರಶ್ನೆಗಳೇ. ಎರಡು ಕಡೆ ಅವಳು ತಡವರಿಸಿದಳು. ಆರೋಪಿಗೆ ಸಲ್ಲಬೇಕಾದ ರಕ್ಷಣೆ ಪೂರ್ತಿ ಸಿಕ್ಕಿತು, ಅದಕ್ಕೆ ಅವಳ ಪಿಯುಸಿ ದಿನಗಳು ಬೇಕಾಗಲಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಇಂಥ ಸಾಕ್ಷಿ ಹೇಳಲು ಹೋಗಬೇಕಾಗಿ ಬಂದರೆ ಒಂದೆರಡು ಸಂಗತಿ ತಿಳಿಸಿ. ಸರ್ಕಾರಿ ವಕೀಲರ ಜೊತೆಗೆ ನೆರವಾಗಲು ತನ್ನದೇ ವಕೀಲರನ್ನು ಇಟ್ಟುಕೊಳ್ಳಲು ಅವಳು ಕೋರ್ಟಿನ ಅನುಮತಿ ಕೇಳಬಹುದು. ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಹಿಂದಿನ ಬದುಕಿನ ಪ್ರಶ್ನೆ ಬಂದಾಗ ಕೂಡಲೇ ಹೌದು, ಇಲ್ಲ ಎನ್ನಬೇಕಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, ಇದಕ್ಕೆ ನಾನು ಉತ್ತರ ಕೊಡಬೇಕಾ ಎಂದು ಕೇಳಲಿ. ಕೇಳಿದರೆ ಅವರು ಏನಾದರೊಂದು ಹೇಳಲೇಬೇಕಾಗುತ್ತದೆ.